ನಾಲ್ವತ್ತು ವರ್ಷಗಳ ದಾನ

ಹೋದ ವರ್ಷದ ಮಾತು. ರಾಯಚೂರಿನಲ್ಲಿ ಬಿ.ಎ. ತರಗತಿಗೆ ದಾಸಸಾಹಿತ್ಯವನ್ನು ಪಾಠ ಹೇಳುತ್ತಿದ್ದೆ. ಮಾನ್ವಿಯ ಜಗನ್ನಾಥದಾಸರ ಪ್ರಸಂಗ ಬಂದಿತು. ನಮ್ಮ ಸೀಮೆಯಲ್ಲಿ ಆ ಕಥೆಯನ್ನು ಕೇಳದೆ ಬೆಳೆದವರು ಕಡಿಮೆ. ಮರಣದ ಹೊಸ್ತಿಲಿಗೆ ಬಂದಿದ್ದ ಒಬ್ಬ ತರುಣ ಪಂಡಿತರಿಗೆ ಗೋಪಾಲದಾಸರು ತಮ್ಮ ಆಯುಷ್ಯದಿಂದ ನಾಲ್ವತ್ತು ವರ್ಷಗಳನ್ನು ತೆಗೆದು ದಾನ ಮಾಡಿದರು. ಹಾಗೆ ಉಳಿದ ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ವನ್ನು ರಚಿಸಿದರು. ಇಷ್ಟು ಹೇಳಿ ನಾನು ಹಾಳೆ ಮಗುಚುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ದೇವದುರ್ಗ ತಾಲೂಕಿನ ಒಂದು ಹಳ್ಳಿಯವನು. ತಂದೆ ತೀರಿಕೊಂಡದ್ದರಿಂದ ಹದಿನೈದು ದಿನ ತರಗತಿಗೆ ಬಂದಿರಲಿಲ್ಲ.

“ಸರ, ಹಂಗ ಕೊಡಾಕ ಬರ್ತಿತ್ತಂದ್ರ ನಮ್ಮಪ್ಪಗ ನಾನೂ ಹತ್ತು ವರ್ಷ ಕೊಡ್ತಿದ್ದೆ. ಆದ್ರ ಆ ಹತ್ತು ವರ್ಷ ತಗೊಂಡು ನಮ್ಮಪ್ಪ ಏನ್ ಮಾಡ್ತಿದ್ದ? ಅದ ಹೊಲ, ಅದ ಸಾಲ. ಅಷ್ಟಕ್ಕ ಮತ್ತ ಹತ್ತು ವರ್ಷ ಯಾಕ ಬೇಕು, ಸರ?”

ತರಗತಿಯಲ್ಲಿ ಯಾರೂ ನಗಲಿಲ್ಲ. ನಾನು ಏನೋ ನಾಲ್ಕು ಮಾತು ಹೇಳಿದೆ. ಅವು ಯಾರಿಗೂ ಉತ್ತರವಾಗುವಂಥವಲ್ಲವೆಂಬುದು ಹೇಳುವಾಗಲೇ ತಿಳಿದಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿತು. ಗಂಟೆ ಉಪಾಧ್ಯಾಯರ ಹಳೆಯ ಮಿತ್ರ.

ಜೀವನದ ಅರ್ಥವೇನೆಂಬ ಪ್ರಶ್ನೆಯನ್ನು ದೊಡ್ಡವರು ದೊಡ್ಡ ರೀತಿಯಲ್ಲಿ ಕೇಳಿದ್ದಾರೆ. ರಷ್ಯದ ಟಾಲ್‌ಸ್ಟಾಯ್ ಸುಮಾರು ಐವತ್ತರ ವಯಸ್ಸಿನಲ್ಲಿ, ಕೀರ್ತಿ, ಸಂಪತ್ತು, ಸಂಸಾರ ಎಲ್ಲವೂ ತುಂಬಿರುವಾಗಲೇ, ಇದೆಲ್ಲ ಏತಕ್ಕೆಂಬ ಚಿಂತೆಗೆ ಸಿಕ್ಕಿ, ಎಲ್ಲಿ ತಾನೇ ನೇಣು ಹಾಕಿಕೊಂಡೇನೋ ಎಂದು ಹಗ್ಗವನ್ನು ಕಣ್ಣಿಗೆ ಬೀಳದಂತೆ ಇಡುತ್ತಿದ್ದನಂತೆ. ಕೊನೆಗೆ ಅವನು ಉತ್ತರ ಹುಡುಕಿಕೊಂಡು ಹೋದದ್ದು ಉಳುವ ರೈತರ ಬಳಿಗೆ. ಅವರು ದುಡಿಯುತ್ತಾರೆ, ನಂಬುತ್ತಾರೆ, ನೆಮ್ಮದಿಯಿಂದ ಸಾಯುತ್ತಾರೆ. ಅರ್ಥ ಅಲ್ಲಿದೆ ಎಂದು ಅವನಿಗೆ ತೋರಿತು. ಆದರೆ ನನ್ನ ಮುಂದೆ ಎದ್ದು ನಿಂತವನು ಉಳುವ ರೈತನ ಮಗನೇ. ಅವನನ್ನು ಯಾವ ರೈತರ ಬಳಿಗೆ ಕಳಿಸಲಿ?

ಹೀಗಾಗಿ ಆ ಪ್ರಶ್ನೆಗೆ ಪರದೇಶದ ಪುಸ್ತಕಗಳನ್ನು ಬಿಟ್ಟು ನಮ್ಮ ಕಾಲ ಕೆಳಗಿನ ನೆಲವನ್ನೇ ಕೇಳಿ ನೋಡೋಣವೆಂದು ಹೊರಟೆ. ಈ ಲೇಖನ ಆ ಹುಡುಕಾಟದ ವರದಿ.

ಎಡೆದೊರೆ ನಾಡು

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಈ ನೆಲವನ್ನು ಶಾಸನಗಳು ಎಡೆದೊರೆ ನಾಡೆಂದು ಕರೆಯುತ್ತವೆ. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ಮುಂದೆ ಪಾರ್ಸಿ ಬಲ್ಲ ಅರಸರು ಬಂದು ಇದನ್ನೇ ‘ದೋಆಬ್’ ಎಂದರು. ಎರಡು ನೀರು ಎಂದು ಅದರ ಅರ್ಥ. ಹೆಸರು ಬದಲಾಯಿತೇ ಹೊರತು ತಿರುಳು ಬದಲಾಗಲಿಲ್ಲ. ನೆಲದ ಪಾಡೂ ಬದಲಾಗಲಿಲ್ಲ. ಎರಡು ಹೊಳೆಗಳ ನಡುವಿದ್ದುದರಿಂದ ಎರಡು ಕಡೆಯ ಅರಸರಿಗೂ ಇದು ಬೇಕಾಯಿತು.

ರಾಯಚೂರಿನ ಕೋಟೆಯ ಗೋಡೆಯಲ್ಲಿ 41 ಅಡಿಗೂ ಮೀರಿ ಉದ್ದವಾದ ಒಂದು ಕಲ್ಲಿದೆ. ಕಾಕತೀಯರ ಸೇನಾನಾಯಕ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ತಿಳಿಸುವ 1294ರ ಶಾಸನ ಅದರ ಮೇಲಿದೆ. ಆ ಬಂಡೆಯನ್ನು ಹೇಗೆ ತಂದರೆಂಬುದರ ಚಿತ್ರವನ್ನೂ ಸಮೀಪದಲ್ಲಿ ಕೊರೆದಿದ್ದಾರೆ: ದಪ್ಪ ಗಾಲಿಯ ಬಂಡಿ, ಎಳೆಯುವ ಕೋಣಗಳ ಸಾಲು, ಗಾಲಿಗೆ ಹಾರೆ ಕೊಟ್ಟು ನೂಕುವ ಆಳುಗಳು. ಬರಹದಲ್ಲಿ ಸೇನಾನಾಯಕನ ಹೆಸರಿದೆ. ಚಿತ್ರದಲ್ಲಿ ನೂಕುತ್ತಿರುವವರಿಗೆ ಹೆಸರಿಲ್ಲ. ಈ ನಾಡಿನ ಚರಿತ್ರೆಯೆಲ್ಲ ಆ ಒಂದು ಗೋಡೆಯಲ್ಲಿ ಅಡಗಿದೆಯೆಂದರೆ ತಪ್ಪಾಗದು.

ಆ ಬಳಿಕ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಈ ಕೋಟೆಗಾಗಿ ತಲೆಮಾರುಗಟ್ಟಲೆ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಾಹನಿಂದ ಇದನ್ನು ಗೆದ್ದುಕೊಂಡ. 1565ರ ಯುದ್ಧದ ಬಳಿಕ ಅದು ಮತ್ತೆ ವಿಜಾಪುರದ ಪಾಲಾಯಿತು. 1686ರಲ್ಲಿ ವಿಜಾಪುರವನ್ನೇ ಔರಂಗಜೇಬ ನುಂಗಿದ. ಆಮೇಲೆ ನಿಜಾಮರು, ನಡುವೆ 1853ರಿಂದ 1860ರವರೆಗೆ ಇಂಗ್ಲಿಷರು, ಮರಳಿ ನಿಜಾಮರು, 1948ರಲ್ಲಿ ಭಾರತದ ಒಕ್ಕೂಟ, 1956ರಲ್ಲಿ ಕನ್ನಡ ರಾಜ್ಯ. ದಂಡು ಹೋದ ದಾರಿಯಲ್ಲಿ ಪೈರು ಉಳಿಯುವುದಿಲ್ಲ. ದಂಡು ಬಾರದ ವರ್ಷ ಮಳೆಯೂ ಬಾರದೆ ಹೋಗುವುದುಂಟು. ಜೀವ ಇಷ್ಟು ಅಗ್ಗವಾದ ಕಡೆಯಲ್ಲಿ ಜೀವದ ಬೆಲೆಯೇನೆಂದು ಕೇಳುವವರು ಹುಟ್ಟದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಇಲ್ಲಿನ ಆಡುಮಾತಿನ ಒಂದು ವಿಶೇಷವನ್ನೂ ಹೇಳಬೇಕು. ‘ಬದುಕು’ ಎಂದರೆ ಗ್ರಂಥಭಾಷೆಯಲ್ಲಿ ಜೀವನ. ನಮ್ಮ ಹಳ್ಳಿಗಳಲ್ಲಿ ‘ಅವರದು ದೊಡ್ಡ ಬದುಕು’ ಎಂದರೆ ಹೊಲ, ಮನೆ, ಎತ್ತು, ಒಕ್ಕಲುತನ. ಬದುಕುವುದಕ್ಕೂ ಬದುಕು ಮಾಡುವುದಕ್ಕೂ ಒಂದೇ ಪದ. ಆದುದರಿಂದ ಹೊಲ ಮತ್ತು ಸಾಲ ಎರಡನ್ನೇ ಹೆಸರಿಸಿ ಆ ಹುಡುಗ ಜೀವನದ ಅರ್ಥವನ್ನೇ ಕೇಳಿದ್ದ. ಈ ಪ್ರಶ್ನೆಗೆ ಎಡೆದೊರೆ ನಾಡಿನಲ್ಲಿ ಬೇರೆ ಬೇರೆ ಕಾಲಕ್ಕೆ ಕನಿಷ್ಠ ನಾಲ್ಕು ಉತ್ತರಗಳು ಬಂದಿವೆ.

ಮಸ್ಕಿಯ ಬಂಡೆ

ಮೊದಲನೆಯದು ಕಲ್ಲಿನ ಮೇಲಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನವನ್ನು ಅರಸುತ್ತ ಮಸ್ಕಿಯ ಗುಡ್ಡಗಳಲ್ಲಿ ಅಲೆಯುತ್ತಿದ್ದಾಗ ಅಕ್ಷರಗಳಿದ್ದ ಒಂದು ಬಂಡೆ ಕಣ್ಣಿಗೆ ಬಿದ್ದಿತು. ಅದನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇದ್ದಿತು. ಭಾರತದ ಅತ್ಯಂತ ಪ್ರಸಿದ್ಧ ಚಕ್ರವರ್ತಿಯ ಗುರುತು ಖಚಿತವಾದದ್ದು ಹೀಗೆ ನಮ್ಮ ಜಿಲ್ಲೆಯ ಒಂದು ಗುಡ್ಡದಲ್ಲಿ. ನಿಟ್ಟೂರು ಮತ್ತು ಉದೇಗೊಳದಂಥ ಕಡೆಗಳಲ್ಲಿ ಆ ಹೆಸರು ಸಿಕ್ಕಿದ್ದು ಅನಂತರ.

ಹೆಸರಿನ ಸಂಭ್ರಮದಲ್ಲಿ ನಾವು ಲಿಪಿಯ ಒಕ್ಕಣೆಯನ್ನು ಮರೆಯುತ್ತೇವೆ. ಪ್ರಾಕೃತದಲ್ಲಿರುವ ಆ ಕೆಲವೇ ಸಾಲುಗಳ ತಾತ್ಪರ್ಯ ಇಷ್ಟು: ನಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಗಳ ಮೇಲಾಯಿತು, ಸಂಘದ ಸಂಪರ್ಕಕ್ಕೆ ಬಂದ ಬಳಿಕ ಹೆಚ್ಚು ಪ್ರಯತ್ನಪಟ್ಟೆ, ಹಿಂದೆ ಈ ನಾಡಿನ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ, ಈ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬೇಡಿ, ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಅದು ಸಾಧ್ಯ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿರಿ, ಹೀಗೆ ನಡೆದರೆ ಇದು ಬಹುಕಾಲ ಬಾಳಿ ಒಂದೂವರೆ ಪಟ್ಟು ಬೆಳೆಯುತ್ತದೆ.

ಕಳಿಂಗದ ಯುದ್ಧದಲ್ಲಿ ಒಂದು ಲಕ್ಷ ಮಂದಿ ಹತರಾದರೆಂದು ತನ್ನ ಇನ್ನೊಂದು ಲಿಪಿಯಲ್ಲಿ ತಾನೇ ಒಪ್ಪಿಕೊಂಡ ಅರಸ ಈ ಮಾತನ್ನು ಆಡುತ್ತಿದ್ದಾನೆಂಬುದನ್ನು ನೆನೆಯಬೇಕು. ಸಾವಿನ ಲೆಕ್ಕವನ್ನು ಬರೆಸಿದವನು ಈಗ ಬಾಳಿನ ಲೆಕ್ಕವನ್ನು ಬರೆಸುತ್ತಾನೆ. ಆತ್ಮವೆಂದರೇನು, ದೇವರು ಯಾರು ಎಂಬ ಚರ್ಚೆ ಇಲ್ಲಿಲ್ಲ. ಜೀವನದ ಸಾರ್ಥಕತೆ ನಡತೆಯಲ್ಲಿದೆ, ಪ್ರಯತ್ನದಲ್ಲಿದೆ. ಆ ಪ್ರಯತ್ನಕ್ಕೆ ಸಣ್ಣವನು ದೊಡ್ಡವನೆಂಬ ಭೇದವಿಲ್ಲ. ಇದು ಮಸ್ಕಿಯ ಉತ್ತರ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಒಬ್ಬ ಚಕ್ರವರ್ತಿ ಎಡೆದೊರೆ ನಾಡಿನ ಸಣ್ಣವನನ್ನು ಉದ್ದೇಶಿಸಿ ಮಾತಾಡಿದ. ಕೋಟೆಯ ಚಿತ್ರದಲ್ಲಿ ಗಾಲಿ ನೂಕುವವನನ್ನು ಅವನು ಹದಿನೈದು ಶತಮಾನ ಮುಂಚೆಯೇ ಕಂಡಿದ್ದನೆನ್ನಬಹುದು.

ಅಂಗಳದ ಅಕ್ಕಿ

ಎರಡನೆಯ ಉತ್ತರ ಒಬ್ಬ ಹೆಂಗಸಿನದು. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮರಿಗೆ ಉಣಬಡಿಸಿ ತಾವು ಉಣ್ಣುವುದು ಅವರ ಕಾಯಕ. ಒಂದು ದಿನ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ನಾಳೆಯ ಆಸೆಯನ್ನು ಇಂದು ಮನೆಗೆ ತಂದೆಯಲ್ಲ ಎಂದು ಗಂಡನನ್ನೇ ತಿದ್ದಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳಿಸಿದಳು. ಬಡತನಕ್ಕೆ ಹೆದರುವವರು ನಾವಲ್ಲ, ಬಡತನವೆಂಬುದು ಮನಸ್ಸಿಗೆ ಅಂಟುವ ರೋಗ ಎಂಬುದು ಅವಳ ವಚನಗಳ ಧೋರಣೆ.

ಇಲ್ಲಿ ಜೀವನದ ಅರ್ಥ ಮುಂದೆಂದೋ ಬರುವ ಸ್ವರ್ಗದಲ್ಲಿಲ್ಲ. ಕೈಯ ದುಡಿಮೆಯೇ ಕೈಲಾಸ. ದುಡಿದುದನ್ನು ಹಂಚಿ ಉಂಡಲ್ಲಿಗೆ ಆ ದಿನ ಪೂರ್ಣವಾಯಿತು. ಅಶೋಕನು ಒಂದೂವರೆ ಪಟ್ಟು ಬೆಳೆಯುವುದೆಂದ. ಲಕ್ಕಮ್ಮ ಬೆಳೆಸುವುದೇ ಬೇಡವೆಂದಳು. ಅವನದು ನಾಳೆಯ ಭರವಸೆ, ಇವಳದು ಇಂದಿನ ತೃಪ್ತಿ. ಎರಡನ್ನೂ ಒಂದೇ ಎನ್ನಲು ಬರುವುದಿಲ್ಲ.

ಈ ಉತ್ತರವನ್ನು ಓದುವಾಗ ಒಂದು ಎಚ್ಚರ ಬೇಕು. ಹೊಟ್ಟೆ ತುಂಬಿದವರು ಹಸಿದವರಿಗೆ ತೃಪ್ತಿಯ ಪಾಠ ಹೇಳುವುದು ಸುಲಭ. ಲಕ್ಕಮ್ಮ ಹೇಳಿದ್ದು ಹಾಗಲ್ಲ. ಅಕ್ಕಿ ಆಯುವವಳೇ ಬೇಡವೆಂದಾಗ ಅದು ಉಪದೇಶವಲ್ಲ, ಸ್ವಾತಂತ್ರ್ಯ. ದೇವದುರ್ಗದ ಸಾಲಗಾರ ರೈತನಿಗೆ ಅವಳ ಹೆಸರಿನಲ್ಲಿ ಸುಮ್ಮನಿರೆಂದು ಹೇಳುವ ಅಧಿಕಾರ ನಮಗಾರಿಗೂ ಇಲ್ಲ.

ಮಾನ್ವಿಯ ಕಂಬ

ಮೂರನೆಯ ಉತ್ತರದ ಊರುಗಳು ಮಾನ್ವಿ ಮತ್ತು ದೇವದುರ್ಗ. ನಾನು ತರಗತಿಯಲ್ಲಿ ಅರ್ಧಕ್ಕೆ ಬಿಟ್ಟ ಕಥೆ ಇಲ್ಲಿ ಪೂರ್ತಿಯಾಗಬೇಕು.

ತುಂಗಭದ್ರೆಯ ದಂಡೆಯ ಚೀಕಲಪರ್ವಿ ಮಾನ್ವಿ ತಾಲೂಕಿನ ಊರು. ಅಲ್ಲಿ 1682ರಲ್ಲಿ ವಿಜಯದಾಸರು ಹುಟ್ಟಿದರು. ವಿಜಾಪುರ ಬಿದ್ದಾಗ ಅವರಿಗೆ ನಾಲ್ಕು ವರ್ಷ. ಬಡತನದಲ್ಲಿ ಬೆಳೆದು, ಕಾಶಿಯವರೆಗೆ ಅಲೆದು, ಕನಸಿನಲ್ಲಿ ಪುರಂದರದಾಸರಿಂದ ಅಂಕಿತ ಪಡೆದರೆಂದು ಪ್ರತೀತಿ. ವಿಜಯನಗರದೊಡನೆ ಕುಂದಿದ್ದ ದಾಸಪರಂಪರೆ ಮತ್ತೆ ಚಿಗುರಿದ್ದು ಅವರಿಂದ. ಅವರ ಶಿಷ್ಯರು ದೇವದುರ್ಗ ತಾಲೂಕಿನ ಮೊಸರಕಲ್ಲಿನ ಭಾಗಣ್ಣ. ಮುಂದೆ ಗೋಪಾಲದಾಸರೆಂದು ಹೆಸರಾದವರು. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಹುಟ್ಟಿ ಸಂಸ್ಕೃತದಲ್ಲಿ ಘನ ವಿದ್ವಾಂಸರಾಗಿದ್ದ ಶ್ರೀನಿವಾಸಾಚಾರ್ಯರು ಮೂರನೆಯವರು.

ಕಥೆ ಹೀಗಿದೆ. ವಿಜಯದಾಸರು ಮಾನ್ವಿಗೆ ಬಂದು ಸಂತರ್ಪಣೆ ಏರ್ಪಡಿಸಿ ಶ್ರೀನಿವಾಸಾಚಾರ್ಯರನ್ನೂ ಕರೆದರು. ಕನ್ನಡದಲ್ಲಿ ತಾಳ ಕುಟ್ಟಿ ಹಾಡುವವರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಪಂಡಿತರಿಗೆ ಮನಸ್ಸಾಗಲಿಲ್ಲ. ಹೊಟ್ಟೆನೋವೆಂದು ನೆಪ ಹೇಳಿದರು. ನೆಪವೇ ನಿಜವಾಯಿತು. ಔಷಧಗಳು ನಡೆಯಲಿಲ್ಲ, ಸೇವೆಗಳು ಫಲಿಸಲಿಲ್ಲ. ಕೊನೆಗೆ ವಿಜಯದಾಸರ ಬಳಿಗೆ ಬಂದರು. ಅವರು ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಅನ್ನವೂ ಸೇರದಿದ್ದ ರೋಗಿಗೆ ಜೋಳದ ರೊಟ್ಟಿಯನ್ನು ಉಣಿಸಿದರೆಂದೂ ತಮ್ಮ ಆಯುಷ್ಯದ ನಾಲ್ವತ್ತು ವರ್ಷಗಳನ್ನು ಧಾರೆಯೆರೆದರೆಂದೂ ಹೇಳುತ್ತಾರೆ. ಪಂಡಿತರು ಬದುಕಿದರು, ಪಂಢರಪುರಕ್ಕೆ ಹೋಗಿ ಜಗನ್ನಾಥವಿಠಲ ಎಂಬ ಅಂಕಿತದೊಡನೆ ದಾಸರಾಗಿ ಮಾನ್ವಿಗೆ ಮರಳಿದರು.

ಇದರಲ್ಲಿ ಇತಿಹಾಸವೆಷ್ಟು, ನಂಬಿಕೆಯೆಷ್ಟು ಎಂದು ಕೇಳುವುದು ನ್ಯಾಯವೇ. ಸಂಪ್ರದಾಯ ಒಪ್ಪಿರುವ ವರ್ಷಗಳನ್ನು ಮುಂದಿಡುತ್ತೇನೆ. ಗೋಪಾಲದಾಸರು 1721ರಲ್ಲಿ ಹುಟ್ಟಿ 1762ರಲ್ಲಿ, ನಾಲ್ವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಜಗನ್ನಾಥದಾಸರು 1728ರಲ್ಲಿ ಹುಟ್ಟಿ 1809ರವರೆಗೆ, ಎಂಬತ್ತೊಂದು ವರ್ಷ ಬಾಳಿದರು. ಕೊಟ್ಟವರದು ನಾಲ್ವತ್ತೊಂದು, ಪಡೆದವರದು ಎಂಬತ್ತೊಂದು. ಆಯುಷ್ಯವನ್ನು ಅಳೆದು ಕೊಡಬಹುದೆಂದು ಯಾವ ಇತಿಹಾಸಕಾರನೂ ಪ್ರಮಾಣಿಸಲಾರ. ಆದರೆ ಒಂದು ಜನ ಎರಡೂವರೆ ಶತಮಾನಗಳ ಕಾಲ ಈ ಲೆಕ್ಕವನ್ನು ನಂಬಿಕೊಂಡು ಬಂದಿರುವುದು ಇತಿಹಾಸವೇ. ಮಾನ್ವಿಯ ಅವರ ಮನೆಯ ಕಂಬದಲ್ಲಿ ದಾಸರು ಇಂದಿಗೂ ಸನ್ನಿಹಿತರಾಗಿದ್ದಾರೆಂದು ಭಕ್ತರು ಅಲ್ಲಿಗೆ ಬಂದು ಕೈಮುಗಿಯುತ್ತಾರೆ.

ಸಾಲ ಪಡೆದ ಆ ವರ್ಷಗಳನ್ನು ದಾಸರು ಏನು ಮಾಡಿದರು? ಹುಡುಗನ ಪ್ರಶ್ನೆ ಇದೇ ಅಲ್ಲವೇ? ಅವು ಸುಖದ ವರ್ಷಗಳಾಗಿರಲಿಲ್ಲ. ಮರಾಠರು, ನಿಜಾಮರು, ಹೈದರನ ದಂಡು ಈ ಪ್ರಾಂತಗಳಲ್ಲಿ ಹಾಯ್ದಾಡಿದ ಕಾಲವದು. ತಲೆಬುರುಡೆಗಳ ಬರವೆಂದು ದಖ್ಖನಿನ ಜನ ಹೆಸರಿಟ್ಟ 1791–92ರ ಡೋಗಿ ಬರ ಬಂದಾಗ ದಾಸರಿಗೆ ಅರವತ್ತು ದಾಟಿತ್ತು. ಅಂಥ ವರ್ಷಗಳಲ್ಲಿ ಅವರು ಕನ್ನಡದಲ್ಲಿ ಬರೆದರು. ಯಾವ ಭಾಷೆಯನ್ನು ತಾತ್ಸಾರ ಮಾಡಿ ರೋಗಕ್ಕೆ ಗುರಿಯಾದರೆಂದು ಕಥೆ ಹೇಳುತ್ತದೆಯೋ ಆ ಭಾಷೆಯಲ್ಲಿಯೇ, ಭಾಮಿನೀ ಷಟ್ಪದಿಯಲ್ಲಿ, ಮಧ್ವಸಿದ್ಧಾಂತವನ್ನೆಲ್ಲ ಬಿಡಿಸಿಟ್ಟರು. ಸಂಸ್ಕೃತದ ಪಂಡಿತರೇ ಆ ಕನ್ನಡಕ್ಕೆ ವ್ಯಾಖ್ಯಾನ ಬರೆಯುವಂತಾಯಿತು. ಹೆಣ್ಣುಮಕ್ಕಳ ಬಾಯಲ್ಲಿ ನಿಲ್ಲುವಂತೆ ತ್ರಿಪದಿಯ ಮಟ್ಟಿನಲ್ಲಿ ‘ತತ್ತ್ವಸುವ್ವಾಲಿ’ಯನ್ನೂ ಕಟ್ಟಿದರು. ಸುವ್ವಿ, ಸುವ್ವಾಲೆ ಎಂಬುದು ಒರಳು ಒನಕೆಗಳ ಮುಂದಿನ ಹಾಡು.

ಅವರ ಉತ್ತರವೇನು? ಸ್ವತಂತ್ರನು ಹರಿಯೊಬ್ಬನೇ, ಜೀವ ಅವನ ಪ್ರತಿಬಿಂಬ, ಎಂದೆಂದಿಗೂ ಅವನ ಅಧೀನ. ಆಯುಷ್ಯ ನನ್ನದಲ್ಲ, ಅವನು ಕೊಟ್ಟದ್ದು. ಆದುದರಿಂದ ಮಾಡುವ ಕೆಲಸವನ್ನೆಲ್ಲ ಅವನಿಗೆ ಒಪ್ಪಿಸಿ ಮಾಡುವುದೇ ಸಾರ್ಥಕತೆ. ‘ಹರಿಕಥಾಮೃತಸಾರ’ದಲ್ಲಿ ಭೋಜನಕ್ಕೇ ಒಂದು ಸಂಧಿಯಿದೆ, ಉಣ್ಣುವುದು ಕೂಡ ಪೂಜೆಯಾಗಬಹುದೆಂದು ಅಲ್ಲಿ ಕಾಣುತ್ತೇವೆ. ಜೋಳದ ರೊಟ್ಟಿಯಿಂದ ಮರುಹುಟ್ಟು ಪಡೆದವರು ಅನ್ನದ ವಿಚಾರವನ್ನು ಅಷ್ಟು ವಿವರವಾಗಿ ಹೇಳಿದ್ದರಲ್ಲಿ ಔಚಿತ್ಯವಿದೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅದೇ ಗ್ರಂಥದಲ್ಲಿ ತಾರತಮ್ಯದ ಸಂಧಿಗಳೂ ಇವೆ. ದೇವತೆಗಳಿಂದ ಹಿಡಿದು ಎಲ್ಲ ಜೀವರಿಗೂ ಮೇಲು ಕೆಳಗಿನ ಮೆಟ್ಟಿಲುಗಳುಂಟು; ಆ ಮೆಟ್ಟಿಲು ಮುಕ್ತಿಯಲ್ಲಿಯೂ ಅಳಿಯದು. ತನ್ನ ಸ್ಥಾನವನ್ನು ತಿಳಿದು ಅಲ್ಲಿಯೇ ಆನಂದಪಡುವುದು ಈ ದರ್ಶನದ ಸೌಂದರ್ಯ. ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ಅದೇ ಅದರ ಕಾಠಿಣ್ಯವೂ ಆಗಿ ತೋರಬಹುದು. ಪ್ರಶ್ನೆ ಕೇಳಿದ ಹುಡುಗನ ಮನೆಯಲ್ಲಿ ಈ ಗ್ರಂಥವನ್ನು ಪಾರಾಯಣ ಮಾಡುವ ರೂಢಿಯಿಲ್ಲ. ಅವನಿಗೆ ಅದು ಪಠ್ಯಪುಸ್ತಕ.

ಏಕತಾರಿಯ ಇರುಳು

ಅವನ ಮನೆಯಲ್ಲಿ ಏನಿದೆ? ಅಲ್ಲಿಯೇ ನಾಲ್ಕನೆಯ ಉತ್ತರ ಸಿಕ್ಕಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಸಾವಾದ ಮನೆಯ ಮುಂದೆ ರಾತ್ರಿಯೆಲ್ಲ ಭಜನೆ ನಡೆಯುತ್ತದೆ. ಏಕತಾರಿ, ತಾಳ, ದಮ್ಮಡಿ ಹಿಡಿದು ಹತ್ತಾರು ಜನ ಕೂಡಿ ಬೆಳಕು ಹರಿಯುವವರೆಗೆ ಹಾಡುತ್ತಾರೆ. ಹಾಡುವುದು ತತ್ತ್ವಪದಗಳನ್ನು. ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯರಾದ ಚೆನ್ನೂರಿನ ಜಲಾಲಸಾಹೇಬ, ದೇವದುರ್ಗ ತಾಲೂಕಿನವರೇ ಆದ ಗಬ್ಬೂರಿನ ಹಂಪಣ್ಣ, ಹೀಗೆ ಹಲವು ಜಾತಿ ಮತಗಳ ಅನುಭಾವಿಗಳ ಪದಗಳು ಒಂದೇ ಕೊರಳಿನಲ್ಲಿ ಬರುತ್ತವೆ. ಜಲಾಲಸಾಹೇಬರ ಪದಕ್ಕೆ ಮೇಳದಲ್ಲಿ ಬೇರೆ ಪಂಕ್ತಿಯಿಲ್ಲ.

ಈ ಸಂಗಮ ಆಕಸ್ಮಿಕವಲ್ಲ. ರಾಯಚೂರಿನ ಏಕ್ ಮಿನಾರ್ ಮಸೀದಿ 1513ರದು. ಕೃಷ್ಣದೇವರಾಯನ ಯುದ್ಧಕ್ಕಿಂತ ಏಳು ವರ್ಷ ಮುಂಚಿನದು. ಕೋಟೆಯ ಒಡೆಯರು ಬದಲಾದರೂ ಆ ಒಂಟಿ ಮಿನಾರು ಉಳಿಯಿತು. ಅರಸರು ಕಾದಾಡುತ್ತಿದ್ದ ಕಾಲದಲ್ಲಿಯೇ ಹಳ್ಳಿಗಳಲ್ಲಿ ಸೂಫಿಗಳ ಮಾತೂ ಶರಣರ ಮಾತೂ ಬೆರೆಯುತ್ತಿದ್ದುವು. ದೇವದುರ್ಗದ ಕಡೆಯಿಂದ ಕೃಷ್ಣೆಯನ್ನು ದಾಟಿ ಸುರಪುರದ ಸೀಮೆಗೆ ಹೋದರೆ ತಿಂಥಣಿಯ ಮೌನೇಶ್ವರನ ಗದ್ದುಗೆಯಿದೆ. ಜಾತ್ರೆಗೆ ಎರಡು ಮತದವರೂ ನಡೆಯುತ್ತಾರೆ. ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಹಸನ್ ಹುಸೇನರ ಸಾವಿನ ಶೋಕವನ್ನು ನಮ್ಮ ರೈತರು ಕನ್ನಡದಲ್ಲಿಯೇ ಹಾಡಿ ಹೆಜ್ಜೆ ಹಾಕುತ್ತಾರೆ.

ತತ್ತ್ವಪದಕಾರರ ಉತ್ತರ ಹಿಂದಿನ ಮೂರಕ್ಕಿಂತ ಬೇರೆ. ದೇಹವೆಂಬುದು ಇರುವಷ್ಟು ದಿನ ಇಳಿದುಕೊಂಡ ಬಿಡಾರ. ನಾನು ನನ್ನದು ಎಂಬುದೇ ಗಂಟು. ಗುರು ಆ ಗಂಟನ್ನು ಬಿಚ್ಚಿದರೆ ಹುಡುಕುವವನೂ ಹುಡುಕಿದ್ದೂ ಒಂದೇ ಎಂದು ತಿಳಿಯುತ್ತದೆ. ಮೇಲು ಕೆಳಗಿನ ಮೆಟ್ಟಿಲುಗಳು ಇಲ್ಲಿಲ್ಲ. ಮಾನ್ವಿಯ ದಾಸರು ಜೀವ ಎಂದಿಗೂ ದೇವನಾಗದೆಂದರೆ, ಭಜನೆಯ ಮೇಳ ನೀನು ಬೇರೆಯೆಂದವರಾರು ಎಂದು ಕೇಳುತ್ತದೆ. ಮೂವತ್ತು ನಲವತ್ತು ಮೈಲಿಗಳ ಅಂತರದಲ್ಲಿ, ಒಂದೇ ಜೋಳದ ರೊಟ್ಟಿಯನ್ನು ಉಂಡವರು, ಜೀವನದ ವಿಷಯದಲ್ಲಿ ಇಷ್ಟು ವಿರುದ್ಧವಾದ ಮಾತುಗಳನ್ನು ಆಡಿದ್ದಾರೆ.

ಉಳಿದ ಲೆಕ್ಕ

ಎಲ್ಲ ನದಿಗಳೂ ಸಮುದ್ರಕ್ಕೆ ಎಂದು ಹೇಳಿ ಇಲ್ಲಿಗೆ ಮುಗಿಸುವುದು ಸಭೆಗಳಲ್ಲಿ ರೂಢಿ. ನನಗೆ ಹಾಗೆ ಮುಗಿಸಲು ಮನಸ್ಸಿಲ್ಲ. ನಾಲ್ಕು ಉತ್ತರಗಳೂ ಒಂದೇ ಎಂದರೆ ನಾಲ್ವರಿಗೂ ಅನ್ಯಾಯ. ಅಶೋಕ ನಡತೆಯೆಂದ, ಲಕ್ಕಮ್ಮ ದುಡಿಮೆಯೆಂದಳು, ಜಗನ್ನಾಥದಾಸರು ದಾಸ್ಯವೆಂದರು, ತತ್ತ್ವಪದಕಾರರು ಅರಿವೆಂದರು. ಇವು ನಿಜವಾಗಿಯೂ ಬೇರೆ ಬೇರೆ ದಾರಿಗಳು. ಒಂದರಲ್ಲಿ ನಡೆಯುವವನು ಇನ್ನೊಂದನ್ನು ಬಿಡಬೇಕಾಗುತ್ತದೆ.

ಆದರೂ ಒಂದು ವಿಷಯದಲ್ಲಿ ಇವರು ಕೂಡುತ್ತಾರೆ. ಎಷ್ಟು ವರ್ಷ ಬಾಳಿದೆ ಎಂಬುದರಿಂದ ಇವರಲ್ಲಿ ಯಾರೂ ಬಾಳನ್ನು ಅಳೆಯಲಿಲ್ಲ. ಎಷ್ಟನ್ನು ಕೂಡಿಟ್ಟೆ ಎಂಬುದರಿಂದಲೂ ಅಳೆಯಲಿಲ್ಲ. ಆಯುಷ್ಯ ಯಾರ ಕಡೆಗೆ ಹರಿಯಿತೆಂಬುದನ್ನು ಮಾತ್ರ ನೋಡಿದರು. ಅಶೋಕನದು ಪ್ರಜೆಗಳ ಕಡೆಗೆ, ಲಕ್ಕಮ್ಮನದು ಬಂದವರ ಎಲೆಯ ಕಡೆಗೆ, ದಾಸರದು ಹರಿಯ ಕಡೆಗೆ, ಭಜನೆಯ ಮೇಳದ್ದು ನಾನೆಂಬುದಿಲ್ಲದ ಕಡೆಗೆ. ನನ್ನದೆಂ‌ದು ಹಿಡಿದುಕೊಂಡ ಆಯುಷ್ಯಕ್ಕೆ ಅರ್ಥ ಹುಟ್ಟಿತೆಂದು ಎಡೆದೊರೆ ನಾಡಿನಲ್ಲಿ ಯಾರೂ ಹೇಳಿದ್ದಿಲ್ಲ. ಗೋಪಾಲದಾಸರ ಕಥೆ ಇಷ್ಟು ಕಾಲ ಉಳಿದಿರುವ ಕಾರಣವೂ ಪ್ರಾಯಶಃ ಇದೇ. ಎಂಬತ್ತೊಂದು ವರ್ಷ ಬಾಳಿದವರ ಮಹತ್ತಿಗಿಂತ, ನಾಲ್ವತ್ತೊಂದಕ್ಕೆ ಹೋದವರ ಬಾಳು ಕಡಿಮೆಯೆಂದು ಆ ಕಥೆ ಕೇಳಿದ ಯಾರಿಗೂ ಅನ್ನಿಸುವುದಿಲ್ಲ.

ಹೀಗೆ ಯೋಚಿಸಿಕೊಂಡು ಒಂದು ದಿನ ಕಾಲೇಜಿನ ಪಡಸಾಲೆಯಲ್ಲಿ ಆ ಹುಡುಗನನ್ನು ನಿಲ್ಲಿಸಿದೆ. ಮಸ್ಕಿ, ಅಮರೇಶ್ವರ ಎಲ್ಲವನ್ನೂ ಹೇಳುವ ಧೈರ್ಯವಾಗಲಿಲ್ಲ. “ನಿನ್ನ ಲೆಕ್ಕದಲ್ಲಿ ಒಂದು ತಪ್ಪಿದೆಯಪ್ಪಾ” ಎಂದೆ. “ನೀನು ನಿಮ್ಮಪ್ಪಗೆ ಹತ್ತು ವರ್ಷ ಕೊಡುತ್ತಿದ್ದೆ ಎಂದೆಯಲ್ಲ. ಅವನು ಆಗಲೇ ನಿನಗೆ ಇಪ್ಪತ್ತು ವರ್ಷ ಕೊಟ್ಟಿದ್ದಾನೆ. ಅದೇ ಹೊಲ, ಅದೇ ಸಾಲ ಎಂದೆ. ಆ ಹೊಲದಿಂದಲೇ ಅಲ್ಲವೇ ನೀನು ಈ ಬೆಂಚಿನವರೆಗೆ ಬಂದದ್ದು?”

ಅವನು ತಲೆ ತಗ್ಗಿಸಿ ನಿಂತ. ನನ್ನ ಮಾತು ಅವನಿಗೆ ಹಿಡಿಸಿತೋ ಇಲ್ಲವೋ ತಿಳಿಯಲಿಲ್ಲ. ಸಾಲದ ಭಾರವನ್ನು ಮಾತಿನಿಂದ ಇಳಿಸಲಾಗುವುದಿಲ್ಲವೆಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಸ್ವಲ್ಪ ಹೊತ್ತಿನ ಮೇಲೆ ಹೇಳಿದ:

“ನಮ್ಮಪ್ಪ ಭಜನಿ ಮೇಳದಾಗ ತಾಳ ಹಾಕ್ತಿದ್ದ, ಸರ. ಯಾರ ಮನ್ಯಾಗ ಸತ್ರೂ ಹೋಗ್ತಿದ್ದ. ಅಂವ ಹೋದ ದಿನ ನಾಕು ಊರಿನ ಮೇಳ ಬಂದಿದ್ವು.”

ಅದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇರಲಿಲ್ಲ. ಪರೀಕ್ಷೆಯ ಅರ್ಜಿಗೆ ಸಹಿ ಬೇಕೆಂದು ಅವನು ಕಾಗದವನ್ನು ಮುಂದೆ ಹಿಡಿದ. ಸಹಿ ಹಾಕುವ ಮುನ್ನ ಕಣ್ಣಾಡಿಸಿದೆ. ತಂದೆಯ ಹೆಸರು ಎಂಬ ಸಾಲಿನಲ್ಲಿ, ಅರ್ಜಿಯ ಉಳಿದೆಲ್ಲ ಅಕ್ಷರಗಳಿಗಿಂತ ದಪ್ಪನಾಗಿ, ಪೂರ್ತಿ ಹೆಸರನ್ನು ಬರೆದಿದ್ದ.